ಬೋಣಿಗೆ ಬಂದ ಬಿಸಿ ಪೆಟ್ಟಿಗೆ

ಚಾಮರಾಜಪೇಟೆಯಲ್ಲಿ ಶಿವರುದ್ರಪ್ಪನವರ ಗುಜರಿ ಅಂಗಡಿ ಇರುವ ಬೀದಿಗೆ ಎರಡು ಕಟ್ಟಳೆಗಳಿವೆ. ಯಾರೂ ಬರೆದಿಟ್ಟವಲ್ಲ, ಆದ್ದರಿಂದಲೇ ಯಾರೂ ಅಳಿಸಲಾರರು.

ಒಂದು, ಬೋಣಿಯ ಕಟ್ಟಳೆ. ಬೆಳಿಗ್ಗೆ ಬಾಗಿಲು ತೆರೆದು ತಕ್ಕಡಿಗೆ ವಿಭೂತಿ ಹಚ್ಚಿದ ಮೇಲೆ ಮೊದಲು ಬಂದ ವಸ್ತು ಯಾವುದೇ ಆಗಿರಲಿ, ಅದನ್ನು ಹಿಂದಕ್ಕೆ ಕಳಿಸುವಂತಿಲ್ಲ. ಮುರಿದ ಕೊಡೆಯ ಕಡ್ಡಿ ಬಂದರೂ ಅದೇ ಆ ದಿನದ ಲಕ್ಷ್ಮಿ. ಅದನ್ನು ಚೌಕಾಶಿ ಮಾಡದೆ ಕೊಳ್ಳಬೇಕು. ಅದು ತಕ್ಕಡಿ ಏರಿ ಇಳಿಯುವವರೆಗೆ ಬೇರೊಂದನ್ನು ಏರಿಸಬಾರದು. ತಂದವರಿಗೂ ಒಂದು ಕಟ್ಟು ಉಂಟು. ಒಂದು ಅಂಗಡಿಯ ತಕ್ಕಡಿಗೆ ತೋರಿಸಿದ ಬೋಣಿಯನ್ನು ಇನ್ನೊಂದು ಅಂಗಡಿಗೆ ಒಯ್ಯಬಾರದು. ಒಯ್ದರೂ ಅಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.

ಇನ್ನೊಂದು, ಬಿಸಿಯ ಕಟ್ಟಳೆ. ಶಿವರುದ್ರಪ್ಪನವರ ಅಜ್ಜನ ಕಾಲದಲ್ಲಿ ಯಾರೋ ಒಬ್ಬ ತಾಮ್ರದ ಹಂಡೆ ತಂದು ಮಾರಿ, ದುಡ್ಡು ಎಣಿಸಿಕೊಂಡು ಹೋದನಂತೆ. ಹಂಡೆ ಮುಟ್ಟಿದರೆ ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕೆಂದು ಅಜ್ಜ ಸುಮ್ಮನಾದರು. ಅವನು ಬೀದಿಯ ತಿರುವು ದಾಟಿದ್ದನೋ ಇಲ್ಲವೋ, ಒಬ್ಬ ಹೆಂಗಸು ಓಡೋಡಿ ಬಂದು, ಬಾಣಂತಿ ಮಗಳು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತಿದ್ದಾಳೆ, ಕಾದ ನೀರನ್ನು ಚೆಲ್ಲಿ ಒಲೆಯ ಮೇಲಿಂದಲೇ ಹಂಡೆ ಎತ್ತಿಕೊಂಡು ಹೋಗಿದ್ದಾರೆ ಎಂದು ಅತ್ತಳು. ಅಜ್ಜ ಹಂಡೆಯನ್ನು ಹಿಂದಕ್ಕೆ ಕೊಟ್ಟರು, ಜೊತೆಗೆ ಒಂದು ಹೊರೆ ಸೌದೆಯನ್ನೂ ಕಳಿಸಿದರು. ಅಂದಿನಿಂದ, ಬಿಸಿಯಾಗಿರುವುದು ಗುಜರಿಯಲ್ಲ, ಯಾರದೋ ಕೆಲಸದಲ್ಲಿರುವ ವಸ್ತು ಎಂದು ಆ ಮನೆಯವರು ನಡೆಸಿಕೊಂಡು ಬಂದಿದ್ದಾರೆ. ಬೀದಿಯ ಮಿಕ್ಕವರೂ ಅದನ್ನೇ ಹಿಡಿದರು.

ಈ ಎರಡು ಕಟ್ಟಳೆಗಳು ಎಂದೂ ಎದುರುಬದುರಾಗಿರಲಿಲ್ಲ. ಆದದ್ದು ಚಿಕ್ಕಮುನಿಯಮ್ಮ ಬಂದ ಬುಧವಾರ.

ನಾನು ಈ ಕಥೆಯನ್ನು ಮೂವರ ಬಾಯಲ್ಲಿ ಕೇಳಿದ್ದೇನೆ. ಅಂಗಡಿಯೊಳಗೆ ನಡೆದದ್ದನ್ನು ಹೇಳಿದವರು ಶಿವರುದ್ರಪ್ಪನವರ ತಾಯಿ ಬಸವಮ್ಮ ಮತ್ತು ತಳ್ಳುಗಾಡಿಯಲ್ಲಿ ಬೀದಿ ಬೀದಿ ತಿರುಗಿ ಹಳೇ ಸಾಮಾನು ಕೊಂಡು ತರುವ ಬೈರಯ್ಯ. ಅದಕ್ಕೆ ಮೊದಲಿನದನ್ನೂ ಆಮೇಲಿನದನ್ನೂ ಹೇಳಿದವರು ಚಿಕ್ಕಮುನಿಯಮ್ಮನವರೇ. ಮೂರೂ ಹೇಳಿಕೆಗಳು ಒಂದೆರಡು ಕಡೆ ಬಿಟ್ಟರೆ ಉಳಿದೆಲ್ಲ ಕಡೆ ಹೊಂದುತ್ತವೆ. ಹೊಂದದ ಜಾಗ ಬಂದಾಗ ಹೇಳುತ್ತೇನೆ.

ಚಿಕ್ಕಮುನಿಯಮ್ಮ ಬಸವನಗುಡಿಯ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒತ್ತಿಕೊಂಡಂತೆ, ಹೊಂಗೆ ಮರದ ಕೆಳಗೆ, ಗಾಡಿಯ ಮೇಲೆ ಇಸ್ತ್ರಿ ಮಾಡುವವರು. ಅಪಾರ್ಟ್‌ಮೆಂಟ್ ಏಳುವ ಮೊದಲು ಆ ಜಾಗದಲ್ಲಿ ಬಂಗಲೆಯಿತ್ತು. ಬಂಗಲೆಯಿದ್ದ ಕಾಲದಲ್ಲೂ ಅದೇ ನೆರಳಿನಲ್ಲಿ ಅವರ ಅತ್ತೆ ಸುಬ್ಬಮ್ಮ ಇಸ್ತ್ರಿ ಮಾಡುತ್ತಿದ್ದರು. ಪೆಟ್ಟಿಗೆಯೂ ಅತ್ತೆಯದೇ: ಹಿತ್ತಾಳೆಯದು, ಒಳಗೆ ಇದ್ದಿಲು ತುಂಬುವಂಥದು, ಎತ್ತಿದರೆ ಕೈ ಜಗ್ಗುವಷ್ಟು ಭಾರ.

ಆ ವರ್ಷ ಗಾಳಿ ಹೆಚ್ಚಾಗಿದ್ದ ಒಂದು ಮಧ್ಯಾಹ್ನ ಪೆಟ್ಟಿಗೆಯಿಂದ ಹಾರಿದ ಕಿಡಿ ಯಾರದೋ ಕಾರಿನ ಹೊದಿಕೆಯ ಮೇಲೆ ಬಿದ್ದು ತೂತು ಮಾಡಿತು. ಅಪಾರ್ಟ್‌ಮೆಂಟಿನ ಸಮಿತಿಯ ಕಾರ್ಯದರ್ಶಿ ಕೇದಾರ್ ಕೆಳಗೆ ಬಂದು ವಿಷಯ ತಿಳಿಸಿದರು. ಗದರಲಿಲ್ಲ, ತಮ್ಮ ಶರ್ಟುಗಳೂ ಅಲ್ಲೇ ಇಸ್ತ್ರಿಯಾಗುವವಾದ್ದರಿಂದ ಸ್ವಲ್ಪ ಮುಜುಗರದಿಂದಲೇ ಹೇಳಿದರು. ಇನ್ನು ಇದ್ದಿಲು ಕೂಡದೆಂದು ಸಮಿತಿ ತೀರ್ಮಾನಿಸಿದೆ. ಬುಧವಾರ ಸಂಜೆಯೊಳಗೆ ಗ್ಯಾಸಿನ ಇಸ್ತ್ರಿ ಪೆಟ್ಟಿಗೆ ತಂದು ತೋರಿಸಿದರೆ ಜಾಗ ಅವರದೇ. ಇಲ್ಲದಿದ್ದರೆ ಬಟ್ಟೆ ಒಯ್ದು ಒಗೆದು ತಂದುಕೊಡುವ ಒಂದು ಕಂಪನಿಯವರು ತಮ್ಮ ವ್ಯಾನು ನಿಲ್ಲಿಸಲು ಅದೇ ನೆರಳನ್ನು ಕೇಳಿದ್ದಾರೆ, ಅವರಿಗೆ ಕೊಡುವುದಾಗುತ್ತದೆ.

ಚಿಕ್ಕಮುನಿಯಮ್ಮ ಗೋಗರೆಯಲಿಲ್ಲ. ತರ್ತೀನಿ ಸಾರ್, ಬಂದು ನೋಡಿ ಎಂದರು.

ಗ್ಯಾಸ್ ಪೆಟ್ಟಿಗೆ ಮಾರುವವರು ಶ್ರೀರಾಂಪುರದ ಒಲೆ ರಿಪೇರಿ ಅಂಗಡಿಯ ಶೀನಣ್ಣ. ಅವರಲ್ಲಿ ಒಂದೇ ಒಂದು ಉಳಿದಿತ್ತು. ಬುಧವಾರ ಮಧ್ಯಾಹ್ನ ಊಟಕ್ಕೆ ಶಟರ್ ಎಳೆಯುವವರೆಗೆ ಇಟ್ಟಿರುತ್ತೇನೆ, ಆಮೇಲೆ ಕೇಳಿದವರಿಗೆ ಕೊಡುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಚೀಟಿಯ ಹಣ ಕೈಗೆ ಬಂದಿತ್ತು. ಅದು ಮುಕ್ಕಾಲು ಪಾಲಿಗೆ ಸಾಕು. ಮಿಕ್ಕ ಕಾಲು ಪಾಲು ಹಳೇ ಪೆಟ್ಟಿಗೆಯ ಹಿತ್ತಾಳೆಯಿಂದಲೇ ಹುಟ್ಟಬೇಕಿತ್ತು.

ಒಪ್ಪಿಕೊಂಡ ಬಟ್ಟೆ ಉಳಿಸಿ ಪೆಟ್ಟಿಗೆ ಮಾರುವುದು ಅವರ ಜಾಯಮಾನವಲ್ಲ. ಆದ್ದರಿಂದ ಬುಧವಾರ ನಸುಕಿನಲ್ಲೇ ಗಾಡಿಯ ಮುಂದೆ ನಿಂತು ಕೊನೆಯ ಗಂಟಿನ ಕೊನೆಯ ಪಂಚೆಯನ್ನೂ ಮುಗಿಸಿದರು. ಅನಂತರ ಪೆಟ್ಟಿಗೆಯನ್ನು ಆರಲು ಬಿಡಬಹುದಿತ್ತು. ಬಿಡಲಿಲ್ಲ, ಬದಲಿಗೆ ಹೊಸದಾಗಿ ಇದ್ದಿಲು ತುಂಬಿದರು. ಅದು ಅತ್ತೆ ಸುಬ್ಬಮ್ಮ ಕಲಿಸಿದ್ದು. ಅನ್ನ ಕೊಟ್ಟ ಪೆಟ್ಟಿಗೆ ತಣ್ಣಗೆ ಮನೆ ಬಿಟ್ಟರೆ ಹೆಣ ಹೊರಟ ಹಾಗೆ. ಜೀವ ಇಟ್ಟುಕೊಂಡೇ ಹೊರಡಬೇಕು. ಒಳಗಿನ ಕೆಂಡವನ್ನು ಚೆಲ್ಲಲೂಬಾರದು, ನೀರು ಹೊಯ್ದು ಆರಿಸಲೂಬಾರದು. ಗುಜರಿ ಅಂಗಡಿಯ ಬೀದಿಯಲ್ಲಿ ಬಿಸಿಯ ಬಗ್ಗೆ ಇಂಥದೊಂದು ಮಾತಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಆ ಅಂಗಡಿಯ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂಬುದಷ್ಟೇ ಅತ್ತೆಯಿಂದ ಕೇಳಿ ಗೊತ್ತಿತ್ತು.

ಬಿಸಿ ಪೆಟ್ಟಿಗೆಯನ್ನು ಆಟೋದವರು ಹತ್ತಿಸಿಕೊಳ್ಳಲಿಲ್ಲ. ಚಿಕ್ಕಮುನಿಯಮ್ಮ ಒಂದು ಬಾಂಡ್ಲಿಗೆ ಮರಳು ಹರಡಿ, ಅದರ ಮೇಲೆ ಪೆಟ್ಟಿಗೆ ಕೂರಿಸಿ, ತಲೆಗೆ ಸಿಂಬಿ ಇಟ್ಟು ಹೊತ್ತುಕೊಂಡು ನಡೆದರು. ಪೆಟ್ಟಿಗೆಯ ತೂತುಗಳಿಂದ ತೆಳುವಾಗಿ ಹೊಗೆ ಏಳುತ್ತಿತ್ತು. ರಾಮಕೃಷ್ಣ ಆಶ್ರಮದ ವೃತ್ತದ ಹತ್ತಿರ ವಾಕಿಂಗ್ ಮುಗಿಸಿ ಬರುತ್ತಿದ್ದ ಇಬ್ಬರು ಹಿರಿಯರು ಚಪ್ಪಲಿ ಕಳಚಿ ಪಕ್ಕಕ್ಕೆ ನಿಂತು ಕೈ ಮುಗಿದರು. ಅವರಲ್ಲೊಬ್ಬರು, ಯಾವ ಅಮ್ಮನ ಹರಕೆ ತಾಯಿ ಎಂದು ಕೇಳಿದರು. ಇಸ್ತ್ರಿಯಮ್ಮಂದು ಎಂದು ಹೇಳಿ ಚಿಕ್ಕಮುನಿಯಮ್ಮ ನಿಲ್ಲದೆ ಮುಂದೆ ಸಾಗಿದರು. ಅವರು ಅದಕ್ಕೂ ಕೈ ಮುಗಿದರಂತೆ.

ಶಿವರುದ್ರಪ್ಪನವರು ಆಗತಾನೆ ತಕ್ಕಡಿಗೆ ವಿಭೂತಿ ಹಚ್ಚಿ, ಪೂಜೆಗೆ ಕೈ ಮುಗಿದು ತಿರುಗಿದ್ದರು. ತಕ್ಕಡಿ ಈಗ ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿ. ವಿಭೂತಿ ಮಾತ್ರ ಹಿಂದಿನದೇ. ಮೊದಲ ಗಿರಾಕಿಯ ತಲೆಯ ಮೇಲೆ ಹಿತ್ತಾಳೆ ಹೊಳೆಯುವುದನ್ನು ಕಂಡು ಅವರ ಮುಖ ಅರಳಿತು. ಬನ್ನಿ ತಾಯಿ ಎಂದು ತಾವೇ ಕೈಕೊಟ್ಟು ಬಾಂಡ್ಲಿ ಇಳಿಸಿದರು, ಬೋಣಿ ನಿಮ್ಮದೇ ಎಂದರು, ಪೆಟ್ಟಿಗೆ ಎತ್ತಲು ಅದರ ಮೈ ಹಿಡಿದರು, ಹಿಡಿದ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡು ಕಿವಿಯ ಹಾಲೆಗೆ ಒತ್ತಿಕೊಂಡರು.

“ಇದು ಕಾದಿದೆಯಲ್ಲ ತಾಯಿ.”

“ಕಾಯದೇ ಇರುತ್ತಾ ಸಾವ್ಕಾರ್ರೇ? ಈಗ್ಲೂ ಕೆಂಡ ಇದೆ ಒಳಗೆ.”

ಶಿವರುದ್ರಪ್ಪನವರು ಹಂಡೆಯ ಕಥೆಯನ್ನು ಮೊದಲಿನಿಂದ ಹೇಳಿದರು. ಚಿಕ್ಕಮುನಿಯಮ್ಮ ಪೂರ್ತಿ ಕೇಳಿದರು, ಆ ಬಾಣಂತಿಗೆ ಆಮೇಲಾದರೂ ನೀರು ಕಾದಿತೇ ಎಂದು ವಿಚಾರಿಸಿದರು, ತಮ್ಮ ಪೆಟ್ಟಿಗೆ ಕದ್ದದ್ದಲ್ಲ ಎಂದರು. ಕದ್ದದ್ದೆಂದು ತಾವೂ ಹೇಳುತ್ತಿಲ್ಲ, ಕಟ್ಟಳೆ ಕಟ್ಟಳೆಯೇ ಎಂದರು ಶಿವರುದ್ರಪ್ಪ. ಹಾಗಾದರೆ ಬೋಣಿಯ ಕಟ್ಟಳೆ ಏನಾಯಿತು ಎಂದು ಚಿಕ್ಕಮುನಿಯಮ್ಮ ಕೇಳಿದರು. ಹಿಂದೆ ಗಾಡಿಯಲ್ಲಿ ಕಿಟಕಿ ಗ್ರಿಲ್ಲುಗಳ ರಾಶಿ ಹೇರಿಕೊಂಡು ಎರಡನೆಯವರಾಗಿ ನಿಂತಿದ್ದ ಬೈರಯ್ಯ, ಇದು ಬೇಗ ಬಗೆಹರಿಯುವ ಮಾತಲ್ಲವೆಂದು ತಿಳಿದು ಗಾಡಿಯ ಗಾಲಿಗೆ ಕಲ್ಲು ಕೊಟ್ಟರು.

ಶಿವರುದ್ರಪ್ಪನವರು ವ್ಯಾಪಾರದ ಮನೆತನದವರು. ಒಂದು ಉಪಾಯ ತೆಗೆದರು. ಬಾಂಡ್ಲಿ ತಣ್ಣಗಿದೆ, ಕಬ್ಬಿಣದ್ದು. ಅದನ್ನು ಬೋಣಿಗೆ ಕೊಡಲಿ, ಒಳ್ಳೇ ಬೆಲೆ ಹಾಕುತ್ತೇನೆ. ಪೆಟ್ಟಿಗೆ ಇಲ್ಲೇ ಮೂಲೆಯಲ್ಲಿ ತಾನಾಗಿ ಆರಲಿ, ಸಂಜೆ ಬಂದರೆ ತೂಗಿ ಹಣ ಕೊಡೋಣ. ಇದರಲ್ಲಿ ಇಬ್ಬರಿಗೂ ನಷ್ಟವಿಲ್ಲವೆಂದು ಅವರ ಎಣಿಕೆ. ಸಾಲಿನಲ್ಲಿದ್ದವರೂ ತಲೆದೂಗಿದರು.

ಚಿಕ್ಕಮುನಿಯಮ್ಮ ಬಾಂಡ್ಲಿಯಿಂದ ಪೆಟ್ಟಿಗೆಯನ್ನು ಇಳಿಸಿ ನೆಲದ ಮೇಲಿಟ್ಟರು. ಮರಳು ಸುರಿದು ಬಾಂಡ್ಲಿಯನ್ನು ಬೋರಲು ಹಾಕಿ, ಅದರ ಮೇಲೆ ತಾವು ಕೂತರು.

“ಬಾಂಡ್ಲಿ ಬೋಣಿ ಆಗ್ಬಿಟ್ರೆ ನನ್ನ ಪೆಟ್ಟಿಗೆ ಹತ್ತರಲ್ಲಿ ಹನ್ನೊಂದನೇದು ಆಗುತ್ತೆ. ಈಗ ಅದೇ ಮೊದಲ್ನೇದು. ಹೊಂಗೆ ಮರದ ಕೆಳಗಿನ ಜಾಗ ನಂಗೆ ಇವತ್ತು ಸಂಜೆ ಬೇಕು, ನಾಳೆ ಅಲ್ಲ. ಮಧ್ಯಾಹ್ನದೊಳಗೆ ಶ್ರೀರಾಂಪುರದಲ್ಲಿ ದುಡ್ಡು ಕಟ್ಟಬೇಕು. ನೀವು ತೂಗಿದ ಮೇಲೆ ಏಳ್ತೀನಿ.”

ಹೀಗೆ ಅಂಗಡಿ ನಿಂತಿತು. ಬೋಣಿ ಆಗದೆ ಬೇರೆ ಯಾವುದನ್ನೂ ತೂಗುವಂತಿಲ್ಲ. ಬೋಣಿಯ ವಸ್ತು ಬಿಸಿಯಾಗಿರುವುದರಿಂದ ಅದನ್ನೂ ತೂಗುವಂತಿಲ್ಲ. ಬೈರಯ್ಯನ ಹಿಂದೆ ರಟ್ಟಿನ ಕಟ್ಟು ಹೊತ್ತ ಹೆಂಗಸು ಬಂದರು, ಅವರ ಹಿಂದೆ ಎಣ್ಣೆ ಡಬ್ಬಗಳ ಸರಮಾಲೆಯೊಂದಿಗೆ ಹೋಟೆಲಿನವರೊಬ್ಬರು, ಅವರ ಹಿಂದೆ ಎ.ಸಿ. ಬಿಚ್ಚುವ ಹುಡುಗರ ಗುಂಪು ತಾಮ್ರದ ಕೊಳವೆಗಳ ಸುರುಳಿ ತಂದಿತು. ಅವರಲ್ಲೊಬ್ಬ, ಏನ್ ಮಚ್ಚಾ, ಗುಜರಿ ಅಂಗಡಿ ಲಾಂಡ್ರಿ ಆಗೋಯ್ತಾ ಎಂದ. ನಿನ್ನ ಪ್ಯಾಂಟ್ ಬಿಚ್ಚಿಕೊಡು, ನೋಡಿ ಹೇಳ್ತೀನಿ ಎಂದರು ಚಿಕ್ಕಮುನಿಯಮ್ಮ.

ಶಿವರುದ್ರಪ್ಪನವರು ಒಂದು ಬಕೆಟ್ ನೀರು ತರಿಸಿದರು. ಚಿಕ್ಕಮುನಿಯಮ್ಮ ಪೆಟ್ಟಿಗೆಯ ಮುಚ್ಚಳದ ಹಿಡಿಯ ಮೇಲೆ ಕೈಯಿಟ್ಟರು. ಕೆಂಡವನ್ನಾದರೂ ಮೋರಿಗೆ ಚೆಲ್ಲಿಬಿಡಿ, ಪೆಟ್ಟಿಗೆ ಬೇಗ ಆರುತ್ತದೆ ಎಂದು ಶಿವರುದ್ರಪ್ಪನವರು ಬೇಡಿದರು. ಆ ಕೈ ಅಲ್ಲಿಂದ ಕದಲಲಿಲ್ಲ.

“ನಿಮ್ಮ ಅಜ್ಜನ ಮಾತು ನಿಮಗೆ ದೊಡ್ಡದು, ಒಪ್ತೀನಿ. ನಮ್ಮತ್ತೆ ಮಾತು ನಂಗೂ ಅಷ್ಟೇ.”

ಶಿವರುದ್ರಪ್ಪನವರಿಗೆ ಸಿಟ್ಟು ಬಂದಿತ್ತೆಂದು ಬೈರಯ್ಯ ಹೇಳುತ್ತಾರೆ; ತಮ್ಮ ಮಗನಿಗೆ ಸಿಟ್ಟೇ ಬರುವುದಿಲ್ಲವೆಂದು ಬಸವಮ್ಮ ಹೇಳುತ್ತಾರೆ. ಅದೇನೇ ಇರಲಿ, ಅವರು ಕೆಲಸದಲ್ಲಿರುವ ವಸ್ತುವನ್ನು ಹೇಗೆ ಕೊಳ್ಳಲಿ ಎಂದು ಮತ್ತೆ ಅದನ್ನೇ ಹೇಳಿದಾಗ ಚಿಕ್ಕಮುನಿಯಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕೆಲಸದಲ್ಲಿದೆ ಅಂತ ನೀವೇ ಹೇಳಿದಿರಿ, ಹಾಗಾದರೆ ಕೆಲಸ ಕೊಡಿ, ದುಡಿದು ದಣಿಯಲಿ ಎಂದರು.

ಅಂಗಡಿಯ ಹಿಂದೆಯೇ ಮನೆ. ಒಳಗಿನಿಂದ ಶಿವರುದ್ರಪ್ಪನವರ ಒಂದು ಬಿಳಿ ಶರ್ಟು ಬಂತು. ಅದನ್ನು ಕಂಡು ಚಿಕ್ಕಮುನಿಯಮ್ಮ ನಕ್ಕರು. ಒಣಗಿದ ಶರ್ಟು ಬಿಸಿ ಕುಡಿಯುವುದಿಲ್ಲ, ಇಂಥ ನೂರು ಶರ್ಟು ಉಜ್ಜಿದರೂ ಪೆಟ್ಟಿಗೆ ಹೀಗೇ ಇರುತ್ತದೆ. ಹಿಂದಿನ ದಿನದ ಮಳೆಗೆ ನೆಂದು ಅಂಗಳದಲ್ಲಿ ಬಿದ್ದಿದ್ದ ಗೋಣಿಚೀಲಗಳ ರಾಶಿಯನ್ನು ತೋರಿಸಿ ಅವನ್ನು ಕೊಡಿ ಎಂದರು. ಬೈರಯ್ಯ ತಮ್ಮ ಗಾಡಿಯ ಗ್ರಿಲ್ಲುಗಳನ್ನೆಲ್ಲ ಇಳಿಸಿ ಹಲಗೆ ಖಾಲಿ ಮಾಡಿಕೊಟ್ಟರು. ಒದ್ದೆ ಗೋಣಿ ಹರಡಿ ಪೆಟ್ಟಿಗೆ ಎಳೆದಾಗ ಬುಸ್ಸೆಂದು ಹಬೆ ಎದ್ದು ಅಂಗಡಿಯ ಮುಂಭಾಗವೆಲ್ಲ ಮಸುಕಾಯಿತು. ಗೋಣಿ ನಾಲ್ಕು ಮಡಿಕೆಯಾಗಿ ಗರಿಗರಿಯಾಗಿ ಪಕ್ಕಕ್ಕೆ ಬಂತು. ಆಮೇಲೆ ಇನ್ನೊಂದು. ರಟ್ಟಿನ ಕಟ್ಟಿನ ಹೆಂಗಸು ಚೀಲ ಕೊಡವಿ ಕೊಡುವುದಕ್ಕೆ ನಿಂತರು. ಹೋಟೆಲಿನವರು ಮಡಿಸಿದ್ದನ್ನು ಜೋಡಿಸತೊಡಗಿದರು. ಚಾಮರಾಜಪೇಟೆಯಲ್ಲಿ ಅಷ್ಟು ಮರ್ಯಾದೆಯಿಂದ ಮಡಿಸಿದ ಗೋಣಿಚೀಲವನ್ನು ಹಿಂದೆ ಯಾರೂ ನೋಡಿರಲಿಲ್ಲ, ಮುಂದೆಯೂ ನೋಡುವುದಿಲ್ಲ ಎನ್ನುತ್ತಾರೆ ಬೈರಯ್ಯ.

ಆದರೆ ಪೆಟ್ಟಿಗೆ ಆರಲಿಲ್ಲ. ಎಳೆದಾಗಲೆಲ್ಲ ತೂತುಗಳಿಂದ ಗಾಳಿ ಒಳಗೆ ನುಗ್ಗಿತು, ಗಾಳಿ ನುಗ್ಗಿದಾಗಲೆಲ್ಲ ಕೆಂಡ ಹೊಳೆಯಿತು. ಗೋಣಿ ಹೀರಿಕೊಂಡಷ್ಟು ಬಿಸಿಯನ್ನು ಕೆಂಡ ಮತ್ತೆ ತುಂಬಿಕೊಟ್ಟಿತು. ದುಡಿದಷ್ಟೂ ಅದಕ್ಕೆ ಜೀವ ಬರುತ್ತಿತ್ತು. ಇಷ್ಟು ವರ್ಷ ಇದೇ ಗುಣದಿಂದ ಹೊಟ್ಟೆ ಹೊರೆದವರಾದ ಚಿಕ್ಕಮುನಿಯಮ್ಮನಿಗೆ ಅದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬಿಸಿಲು ಎದುರು ಮನೆಯ ಗೋಡೆಯಿಂದ ಇಳಿದು ರಸ್ತೆಗೆ ಬಂದಿತ್ತು.

ಆಗ ಶೀನಣ್ಣನ ಫೋನು ಬಂತು. ಯಾರೋ ಪೂರ್ತಿ ದುಡ್ಡು ಹಿಡಿದುಕೊಂಡು ಬಂದು ಅಂಗಡಿಯಲ್ಲೇ ಕೂತಿದ್ದಾರೆ, ಕೊಟ್ಟ ಮಾತಿಗೆ ಕಾಯುತ್ತಿದ್ದೇನೆ, ಶಟರ್ ಎಳೆಯುವವರೆಗೆ ಮಾತ್ರ ಎಂದು ಅವರು ಹೇಳಿದರು. ಚಿಕ್ಕಮುನಿಯಮ್ಮ, ಅವರಿಗೊಂದು ಕಾಫಿ ಕೊಡ್ಸಿ ಕಳಿಸಿ, ಬರ್ತಿದೀನಿ ಎಂದು ಫೋನಿಟ್ಟರು. ಆದರೆ ಮುಂದಿನ ಗೋಣಿಯನ್ನು ಹರಡುವ ಮೊದಲು ರಸ್ತೆಯ ಬಿಸಿಲನ್ನು ಒಮ್ಮೆ ನೋಡಿದರೆಂದು ಬಸವಮ್ಮ ಹೇಳುತ್ತಾರೆ. ಅವರು ಒಳಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದರು.

ಆ ಹೊತ್ತಿಗೆ ಬೈರಯ್ಯ ಒಂದು ಬೀಡಿಯನ್ನು ತುಟಿಗಿಟ್ಟು, ಜೇಬು ತಡವಿ, “ಅಕ್ಕಾ, ಒಂಚೂರು ಬೆಂಕಿ ಕೊಡ್ತೀಯಾ?” ಎಂದು ಕೇಳಿದರು.

ಅಂಗಡಿಯ ಯಜಮಾನರು ಎಷ್ಟು ಬೇಡಿದರೂ ಮುಚ್ಚಳದ ಮೇಲಿನ ಕೈ ತೆಗೆಯದಿದ್ದ ಚಿಕ್ಕಮುನಿಯಮ್ಮ ಕೂಡಲೇ ಮುಚ್ಚಳ ಎತ್ತಿದರು. ಪೆಟ್ಟಿಗೆಯ ಜೊತೆಗೇ ತಂದಿದ್ದ ಇಕ್ಕಳದಿಂದ ಒಂದು ಕೆಂಡವನ್ನು ಹಿಡಿದು ಬೀಡಿಗೆ ತಾಗಿಸಿ, ಮತ್ತೆ ಒಳಗಿಟ್ಟು ಮುಚ್ಚಿದರು. ಇದರಲ್ಲಿ ಏನೋ ವಿಶೇಷವಿದೆಯೆಂದು ಅಲ್ಲಿದ್ದ ಗಂಡಸರಾರಿಗೂ ಅನಿಸಲಿಲ್ಲ. ಕುರ್ಚಿಯಲ್ಲಿದ್ದ ಬಸವಮ್ಮನಿಗೆ ಅನಿಸಿತು.

ಹೇಳಿಕೆಗಳು ಹೊಂದದ ಇನ್ನೊಂದು ಜಾಗ ಇದು. ಸಾವ್ಕಾರರಿಗೆ ದಾರಿ ತೋರಿಸಲೆಂದೇ ತಾನು ಬೆಂಕಿ ಕೇಳಿದ್ದು, ಜೇಬಿನಲ್ಲಿ ಬೆಂಕಿಪೊಟ್ಟಣ ಇತ್ತು ಎಂಬುದು ಬೈರಯ್ಯನ ಮಾತು. ಬೀಡಿಯ ಚಟವೊಂದನ್ನು ಬಿಟ್ಟರೆ ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ ಎಂಬುದು ಬಸವಮ್ಮನ ಮಾತು. ಈ ವಿಷಯದಲ್ಲಿ ಚಿಕ್ಕಮುನಿಯಮ್ಮ ಯಾರ ಕಡೆಗೂ ವಾಲುವುದಿಲ್ಲ, ಸುಮ್ಮನೆ ನಗುತ್ತಾರೆ.

ಬಸವಮ್ಮ ಹುಟ್ಟಿ ಬೆಳೆದದ್ದು ಹಳೇ ಪೇಟೆಯ ಗಲ್ಲಿಯಲ್ಲಿ, ಗೋಡೆಗೆ ಗೋಡೆ ಸೇರಿದ ಮನೆಗಳ ನಡುವೆ. ಅಲ್ಲಿ ಬೆಳಗಿನ ಒಲೆಗೆ ಪ್ರತಿ ಮನೆಯಲ್ಲೂ ಬೇರೆಯಾಗಿ ಬೆಂಕಿ ಹೊತ್ತಿಸುತ್ತಿರಲಿಲ್ಲ. ಮೊದಲು ಎದ್ದವರ ಮನೆಯಿಂದ ಮಿಕ್ಕವರು ಸೌಟಿನಲ್ಲಿ ಕೆಂಡ ತರುತ್ತಿದ್ದರು. ಕೆಂಡಕ್ಕೆ ಆ ಗಲ್ಲಿಯಲ್ಲಿ ಒಂದು ಮರ್ಯಾದೆಯಿತ್ತು. ತಾನಾಗಿ ಯಾರಿಗೂ ಕೊಡುವಂತಿಲ್ಲ, 'ಬೇಕಾ' ಎಂದು ಕೇಳುವಂತಿಲ್ಲ. ಆದರೆ ಬಂದು ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಚಿಕ್ಕಮುನಿಯಮ್ಮನ ಅತ್ತೆ ಯಾವ ಗಲ್ಲಿಯಿಂದ ಆ ಮಾತನ್ನು ತಂದಿದ್ದರೋ, ಅದು ಇದೇ ಮಾತು. ಕೆಂಡವನ್ನು ಚೆಲ್ಲಬಾರದು ಎಂದರೆ ಅದು ಇನ್ನೊಂದು ಒಲೆಗೆ ಹೋಗಲಿ ಎಂದು. ಇದನ್ನು ಚಿಕ್ಕಮುನಿಯಮ್ಮ ಬಾಯಿಬಿಟ್ಟು ಹೇಳುವಂತಿರಲಿಲ್ಲ, ಹೇಳಿದರೆ ತಾನಾಗಿ ಕೊಟ್ಟಂತಾಗುತ್ತಿತ್ತು. ಯಾರಾದರೂ ಬಂದು ಕೇಳಲೇಬೇಕಿತ್ತು.

ಬಸವಮ್ಮ ಒಳಗೆ ಹೋಗಿ ಸಾಂಬ್ರಾಣಿಯ ಧೂಪದ ಪಾತ್ರೆ ಹಿಡಿದು ಬಂದರು. ನಡು ಬಗ್ಗಿದ್ದರೂ ಯಾರ ಕೈ ಆಸರೆಯನ್ನೂ ಪಡೆಯದೆ ಮೆಟ್ಟಿಲಿಳಿದು, ಸಾಲನ್ನು ದಾಟಿ, ಗಾಡಿಯ ಮುಂದೆ ನಿಂತು ಪಾತ್ರೆ ಮುಂದೆ ಚಾಚಿದರು.

“ಧೂಪಕ್ಕೆ ಕೆಂಡ ಬೇಕಿತ್ತು ತಾಯಿ. ಕೊಡ್ತೀಯಾ?”

ಚಿಕ್ಕಮುನಿಯಮ್ಮ ಅವರ ಮುಖ ನೋಡಿದರು. ಮುದುಕಿಗೆ ತಿಳಿದಿದೆಯೆಂದು ಅವರಿಗೂ ತಿಳಿಯಿತು.

“ಎಷ್ಟು ಬೇಕವ್ವಾ?”

“ಇರೋದೆಲ್ಲ ಬೇಕು.”

ಅಮ್ಮ, ಬೆಳಿಗ್ಗೆ ಧೂಪ ಆಗಿದೆಯಲ್ಲ ಎಂದು ಶಿವರುದ್ರಪ್ಪನವರು ಶುರುಮಾಡಿದರು. ನೀನು ಸುಮ್ನಿರು ಎಂದು ಬಸವಮ್ಮ ಅವರ ಮಾತನ್ನು ಅಲ್ಲೇ ತಡೆದರು. ಇಕ್ಕಳ ಕೆಂಡಗಳನ್ನು ಒಂದೊಂದಾಗಿ ಎತ್ತಿ ಪಾತ್ರೆಗೆ ಹಾಕಿತು. ಕೊನೆಗೆ ಸಾಸಿವೆಯಷ್ಟು ಕಿಡಿಯನ್ನೂ ಬಿಡಲಿಲ್ಲ. ಬಸವಮ್ಮ ಅದರ ಮೇಲೆ ಸಾಂಬ್ರಾಣಿ ಉದುರಿಸಿದರು. ಹೊಗೆ ತಕ್ಕಡಿಯನ್ನು ಸುತ್ತಿ, ತಗಡಿನ ಚಾವಣಿಗೆ ತಾಗಿ, ಸಾಲಿನಲ್ಲಿದ್ದವರ ತಲೆಯ ಮೇಲೆ ಇಳಿಯಿತು. ಎ.ಸಿ. ಹುಡುಗರು ಕೂಡ ಹೊಗೆಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು.

ಒಳಗೆ ಬೆಂಕಿಯಿಲ್ಲದ ಪೆಟ್ಟಿಗೆಯ ಬಿಸಿಯನ್ನು ಹೀರಲು ಒದ್ದೆ ಗೋಣಿಗಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲನೆಯದರ ಮೇಲೆ ಬುಸ್ಸೆಂದಿತು, ಅದರ ಮುಂದಿನದರ ಮೇಲೆ ಸಣ್ಣಗೆ ಚುರುಗುಟ್ಟಿತು, ಆಮೇಲೆ ಸದ್ದಿಲ್ಲ. ಚಿಕ್ಕಮುನಿಯಮ್ಮ ಪೆಟ್ಟಿಗೆಯನ್ನು ನಿಲ್ಲಿಸಿ, ತಳವನ್ನು ಬಸವಮ್ಮನ ಕಡೆ ತಿರುಗಿಸಿದರು. ಬಸವಮ್ಮ ಅಂಗೈಯನ್ನು ಪೂರ್ತಿ ಒತ್ತಿ, ಎಲ್ಲರೂ ನೋಡುವಂತೆ ಹಾಗೇ ಇಟ್ಟುಕೊಂಡರು.

“ಇದರ ಕೆಲಸ ಮುಗೀತು. ತೂಗಪ್ಪ.”

ತಕ್ಕಡಿಯ ಮುಂದೆ ಇನ್ನೊಂದು ಸಣ್ಣ ಜಗಳ ಆಯಿತು. ಹಿಡಿ ಮರದ್ದು, ಅದನ್ನು ಕಳಚಿ ಹಿತ್ತಾಳೆಯನ್ನಷ್ಟೇ ತೂಗುವುದು ರೂಢಿ. ಶಿವರುದ್ರಪ್ಪನವರು ಸ್ಪ್ಯಾನರ್ ಕೈಗೆತ್ತಿಕೊಂಡರು. ಬೋಣಿಯಲ್ಲಿ ಚೌಕಾಶಿ ಇಲ್ಲ ಎಂದವರು ಹಿಡಿಯನ್ನು ಕಳಚುವುದು ಚೌಕಾಶಿಯಲ್ಲದೆ ಮತ್ತೇನು ಎಂದರು ಚಿಕ್ಕಮುನಿಯಮ್ಮ. ಸಾಲಿಗೆ ಸಾಲೇ ಅವರ ಪರವಾಗಿ ನಿಂತಿತು. ಬೆಳಗಿನಿಂದ ಕಾದವರಿಗೆ ಬೇಗ ಮುಗಿದರೆ ಸಾಕಾಗಿತ್ತು. ಶಿವರುದ್ರಪ್ಪನವರು ನಗುತ್ತಾ ಸ್ಪ್ಯಾನರ್ ಕೆಳಗಿಟ್ಟರು. ಹಿಡಿ ಸಮೇತ ತೂಗಿದರು. ಆ ದಿನ ಹಿತ್ತಾಳೆಯ ಬೆಲೆಗೆ ಆ ಅಂಗಡಿಯಲ್ಲಿ ಮರ ಮಾರಿತು. ಹಣವನ್ನು ಎರಡೂ ಕೈಯಲ್ಲಿ ಕೊಟ್ಟರು, ಚಿಕ್ಕಮುನಿಯಮ್ಮ ಸೆರಗಿನಲ್ಲಿ ಪಡೆದರು.

ಆ ಅಂಗಡಿಯಲ್ಲಿ ಬಿಸಿಯ ಕಟ್ಟಳೆ ಇಂದಿಗೂ ಇದೆ. ಜೊತೆಗೆ ಒಂದು ಮಾತು ಸೇರಿಕೊಂಡಿದೆ: ಕೆಂಡದ ಸಮೇತ ಏನಾದರೂ ಬಂದರೆ ಮೊದಲು ಮನೆಯ ಹಿರಿಯರು ಬಂದು ಬೆಂಕಿ ಕೇಳಬೇಕು, ಆಮೇಲೆ ಮಿಕ್ಕ ಮಾತು. ಈ ಕಥೆ ಹರಡಿದ ಮೇಲೆ ಇದ್ದಿಲು ಬಿಟ್ಟು ಗ್ಯಾಸಿಗೆ ಬದಲಾದ ಮಾವಳ್ಳಿಯ ಕೆಲವು ಇಸ್ತ್ರಿಯವರೂ ತಮ್ಮ ಪೆಟ್ಟಿಗೆಗಳನ್ನು ಕೆಂಡ ಹಾಕಿಯೇ ಅಲ್ಲಿಗೆ ತಂದರೆಂದು ಬೈರಯ್ಯ ಹೇಳುತ್ತಾರೆ. ಬಸವಮ್ಮ ಪ್ರತಿಸಲವೂ ಪಾತ್ರೆ ಹಿಡಿದು ಬಂದರಂತೆ. ಅಂಗಡಿ ತುಂಬ ಸಾಂಬ್ರಾಣಿ ಹೊಗೆ ಕವಿದು ತಕ್ಕಡಿಯ ಅಂಕಿಯೇ ಕಾಣದ ದಿನವೂ ಇತ್ತಂತೆ.

ಮಾರ್ಕೆಟ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದ ಚಿಕ್ಕಮುನಿಯಮ್ಮ ಶ್ರೀರಾಂಪುರ ತಲುಪಿದಾಗ ಶೀನಣ್ಣ ಶಟರನ್ನು ಅರ್ಧ ಎಳೆದಿದ್ದರು. ಒಳಗೆ ಕೂತಿದ್ದ ಮನುಷ್ಯ ದುಡ್ಡನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಚಿಕ್ಕಮುನಿಯಮ್ಮ ಬಗ್ಗಿ ಶಟರಿನ ಕೆಳಗಿನಿಂದ ಒಳಹೊಕ್ಕು, ಚೀಟಿಯ ಹಣವನ್ನೂ ಹಿತ್ತಾಳೆಯ ಹಣವನ್ನೂ ಒಟ್ಟು ಮಾಡಿ ಮೇಜಿನ ಮೇಲಿಟ್ಟರು. ಕಾದಿದ್ದವನಿಗೆ, ಮುಂದಿನ ವಾರ ಇನ್ನೊಂದು ಬರುತ್ತೆ ಬಿಡಪ್ಪ, ನಾನು ಕಾಯೋ ಹಾಗಿಲ್ಲ ಎಂದು ಸಮಾಧಾನ ಹೇಳಿದರು. ಪೆಟ್ಟಿಗೆ, ಕೊಳವೆ, ರೆಗ್ಯುಲೇಟರ್ ಎಲ್ಲವನ್ನೂ ಬೆಳಗಿನ ಬಾಂಡ್ಲಿಯಲ್ಲೇ ಇಟ್ಟು ಹೊತ್ತು ತಂದರು.

ಸಂಜೆ ಹೊಂಗೆ ಮರದ ಕೆಳಗೆ ಕಂಪನಿಯ ವ್ಯಾನು ಆಗಲೇ ಬಂದು ನಿಂತಿತ್ತು. ಡ್ರೈವರ್ ಸೀಟು ಹಿಂದಕ್ಕೆ ಮಲಗಿಸಿ ಮೊಬೈಲ್ ನೋಡುತ್ತಿದ್ದ. ಕೇದಾರ್ ಮತ್ತು ಸಮಿತಿಯ ಇನ್ನಿಬ್ಬರು ಗೇಟಿನ ಹತ್ತಿರ ನಿಂತಿದ್ದರು. ಚಿಕ್ಕಮುನಿಯಮ್ಮ ವ್ಯಾನಿನ ಕಡೆ ನೋಡಲಿಲ್ಲ. ಗಾಡಿಯನ್ನು ಅದರ ಮೂತಿಗೆ ತಾಗುವಂತೆ ತಳ್ಳಿ ನಿಲ್ಲಿಸಿ, ಮನೆಯಿಂದ ತಂದಿದ್ದ ಸಿಲಿಂಡರಿಗೆ ಕೊಳವೆ ಬಿಗಿದು, ಸೋಪಿನ ನೊರೆ ಸವರಿ ಎಲ್ಲೂ ಸೋರುತ್ತಿಲ್ಲವೆಂದು ಎಲ್ಲರಿಗೂ ತೋರಿಸಿ, ಬೆಂಕಿ ಹಚ್ಚಿದರು. ಪೆಟ್ಟಿಗೆಯೊಳಗೆ ನೀಲಿ ಜ್ವಾಲೆ ಸದ್ದಿಲ್ಲದೆ ಹರಡಿತು. ಸಮಿತಿಯವರು ಬಗ್ಗಿ ನೋಡಿದರು. ಕೇದಾರ್ ಕಿಡಿ ಹಾರುವುದಿಲ್ಲ ತಾನೇ ಎಂದು ಕೇಳಿದರು. ಹಾರೋಕೆ ಏನಿದೆ ಸಾರ್ ಅದರಲ್ಲಿ ಎಂದು ಚಿಕ್ಕಮುನಿಯಮ್ಮ ಪೆಟ್ಟಿಗೆಯನ್ನು ಎತ್ತಿ ಗಾಳಿಯಲ್ಲಿ ಒಮ್ಮೆ ಬೀಸಿ ತೋರಿಸಿದರು. ಹಳೆಯದರ ಅರ್ಧ ಭಾರವೂ ಇರಲಿಲ್ಲ. ಕೈ ಅಂದುಕೊಂಡದ್ದಕ್ಕಿಂತ ಮೇಲೆ ಹೋಯಿತು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೇದಾರ್ ತಲೆಯಾಡಿಸಿದರು.

ಚಿಕ್ಕಮುನಿಯಮ್ಮ ವ್ಯಾನಿನ ಕಿಟಕಿಯ ಗಾಜು ತಟ್ಟಿದರು. ಡ್ರೈವರ್ ಗಾಜಿಳಿಸಿದ.

“ಸ್ವಲ್ಪ ಹಿಂದಕ್ಕೆ ತಗೊಳಪ್ಪ. ಈ ನೆರಳು ನಂದು.”

ಅವನು ಕೇದಾರ್ ಕಡೆ ನೋಡಿದ. ಕೇದಾರ್ ಆಗಲೇ ಲಿಫ್ಟಿನ ಕಡೆ ಹೊರಟಿದ್ದರು, ಶರ್ಟುಗಳನ್ನು ತರುವುದಕ್ಕೆ. ವ್ಯಾನು ಹಿಂದಕ್ಕೆ ಸರಿದು ಬಿಸಿಲಿಗೆ ಹೋಯಿತು. ಚಿಕ್ಕಮುನಿಯಮ್ಮ ಗಾಡಿಯನ್ನು ಮರದ ಬುಡಕ್ಕೆ ಎಳೆದುಕೊಂಡು, ಕಂಬಳಿ ಹಾಸಿ, ಅದರ ಮೇಲೆ ಮೊದಲ ಬಟ್ಟೆಯನ್ನು ಹರಡಿದರು.